ಇಷ್ಟೊಂದು ಪಿಕಪ್ ನಮ್ಮ ರಸ್ತೆಗೆ ಬೇಕೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಈ ಬಾರಿ ಕಳುಹಿಸಿರುವ ವಾಹನ ಸಂಬಂಧಿ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂದೇಹವನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿವೆ: ಎಲೆಕ್ಟ್ರಿಕ್ ಕಾರುಗಳ ಶಕ್ತಿ ದಿನನಿತ್ಯದ ರಸ್ತೆಗೆ ಮೀರಿ ಹೋಗುತ್ತಿದೆಯೇ? ಚಾರ್ಜಿಂಗ್, ಬೆಲೆ, ವಿಮೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಈ ವಿಷಯದ ಪತ್ರಗಳನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಬ್ಯಾಂಕಿನಿಂದ ನಿವೃತ್ತನಾದವನು. ಮೊದಲು ಮಾರುತಿ 800, ಆಮೇಲೆ ವ್ಯಾಗನ್ ಆರ್ ಓಡಿಸಿದ್ದೇನೆ. ಈಗ ನನ್ನ ಮಗ ಮಹೀಂದ್ರಾ ಬಿಇ 6 ತೆಗೆದುಕೊಳ್ಳೋಣ ಎನ್ನುತ್ತಿದ್ದಾನೆ. ಅದರ ಶಕ್ತಿ 280 ಎಚ್‌ಪಿ ಎಂದು ಕೇಳಿ ಗಾಬರಿಯಾಯಿತು. ಸೂಪರ್ ಮಾರ್ಕೆಟ್‌ಗೆ ಹೋಗಿ ಬರಲು, ತಿಂಗಳಿಗೊಮ್ಮೆ ಗಾಣಗಾಪುರದ ದರ್ಶನಕ್ಕೆ ಹೋಗಲು ಇಷ್ಟೊಂದು ಶಕ್ತಿ ಏಕೆ ಬೇಕು? ಮನೆಯಲ್ಲಿ ಅದನ್ನು ಓಡಿಸುವವರಲ್ಲಿ ನಾನೂ ಒಬ್ಬ. (ಕಲಬುರಗಿ)

ಉತ್ತರ: ಹಿರಿಯರೇ, ತಮ್ಮ ಗಾಬರಿಗೆ ಆಧಾರವಿದೆ. ಆದರೆ ಅದು ಇರಬೇಕಾದ ಜಾಗ ಎಚ್‌ಪಿಯ ಅಂಕಿಯಲ್ಲ. ತಾವು ಓಡಿಸಿದ ಮಾರುತಿ 800 ಕಾರಿನ 796 ಸಿಸಿ ಎಂಜಿನ್ ಕೊಡುತ್ತಿದ್ದುದು 40 ಎಚ್‌ಪಿಗೂ ಕಡಿಮೆ. ಅದರಲ್ಲೇ ಐದು ಮಂದಿ ಕುಳಿತು, ಮೇಲೆ ಹಾಸಿಗೆ ಕಟ್ಟಿಕೊಂಡು ತಿರುಪತಿಗೆ ಹೋಗಿ ಬಂದ ಕುಟುಂಬಗಳು ಕಲಬುರಗಿಯಲ್ಲಿ ಎಷ್ಟೋ ಇವೆ. ಇಂದಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಆ ಮಟ್ಟದ್ದು ಎಂದರೆ ಸುಮಾರು 40 ಎಚ್‌ಪಿಯ ಎಂಜಿ ಕಾಮೆಟ್ ಮಾತ್ರ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ಇವಿಗೆ ಸುಮಾರು 130 ಎಚ್‌ಪಿ ಇತ್ತು. ಕ್ರೆಟಾ ಎಲೆಕ್ಟ್ರಿಕ್‌ನ ದೊಡ್ಡ ಬ್ಯಾಟರಿಯ ಮಾದರಿಗೆ 170ರಷ್ಟಿದೆ, 2024ರ ಕೊನೆಯಲ್ಲಿ ಬಂದ ಬಿಇ 6ರ ದೊಡ್ಡ ಬ್ಯಾಟರಿಯ ಮಾದರಿಗೆ 280ರಷ್ಟಿದೆ, ಎರಡು ಮೋಟಾರುಗಳ ಹ್ಯಾರಿಯರ್ ಇವಿಗೆ 390ರ ಆಸುಪಾಸು ಇದೆ. ಬಿವೈಡಿ ಸೀಲ್‌ನ ಅತಿ ಶಕ್ತಿಶಾಲಿ ಮಾದರಿಯದು 500ನ್ನೂ ದಾಟುತ್ತದೆ. ಐದಾರು ವರ್ಷಗಳ ಅಂತರದಲ್ಲಿ ಇಷ್ಟು ಏರಿಕೆ ಪೆಟ್ರೋಲ್ ಕಾರುಗಳ ಚರಿತ್ರೆಯಲ್ಲಿ ನಮ್ಮ ದೇಶ ಕಂಡದ್ದಲ್ಲ.

ಇದಕ್ಕೆ ಕಾರಣ ಗ್ರಾಹಕರ ವೇಗದ ಹುಚ್ಚಲ್ಲ, ಯಂತ್ರದ ಸ್ವಭಾವ. ಪೆಟ್ರೋಲ್ ಎಂಜಿನ್ನಿನ ಶಕ್ತಿಯನ್ನು ಇಮ್ಮಡಿ ಮಾಡಬೇಕೆಂದರೆ ಸಿಲಿಂಡರ್ ಹೆಚ್ಚಿಸಬೇಕು ಇಲ್ಲವೇ ಟರ್ಬೊ ಕೂಡಿಸಬೇಕು, ಗೇರ್‌ಬಾಕ್ಸ್ ಗಟ್ಟಿಮಾಡಬೇಕು, ಇಷ್ಟೆಲ್ಲ ಆದ ಮೇಲೂ ಮೈಲೇಜ್ ಇಳಿಯುತ್ತದೆ. ಹೀಗಾಗಿ ಹೆಚ್ಚು ಶಕ್ತಿಯ ಕಾರು ಹಣವಂತರ ಮನೆ ಬಾಗಿಲಲ್ಲೇ ನಿಲ್ಲುತ್ತಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ದೂರ ಓಡಲೆಂದು ದೊಡ್ಡ ಬ್ಯಾಟರಿ ಹಾಕಿದರೆ ಒಮ್ಮೆಲೇ ಹೆಚ್ಚು ವಿದ್ಯುತ್ ಹರಿಸುವ ಸಾಮರ್ಥ್ಯವೂ ಅದರೊಂದಿಗೇ ಬರುತ್ತದೆ. ಅದನ್ನು ಬಳಸಿಕೊಳ್ಳಬಲ್ಲ ಮೋಟಾರಿಗೆ ತಗಲುವ ಹೆಚ್ಚುವರಿ ಖರ್ಚು ಅಲ್ಪ. ಇನ್ನೊಂದು ಕಾರಣವೂ ಉಂಟು. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ಹಿಂದಿರುಗಿಸುತ್ತದೆ, ಮತ್ತು ಮೋಟಾರ್ ದೊಡ್ಡದಿದ್ದಷ್ಟೂ ಹಾಗೆ ಹಿಂದಿರುಗಿಸುವ ಸಾಮರ್ಥ್ಯ ಹೆಚ್ಚು. ಅಂದರೆ ಶಕ್ತಿ ಕಂಪನಿಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಸಿಗುತ್ತಿದೆ, ಪುಕ್ಕಟೆ ಸಿಕ್ಕದ್ದನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳದೆ ಬಿಡುವ ವ್ಯಾಪಾರಿ ಯಾರೂ ಇಲ್ಲ.

ಈ ಶಕ್ತಿ ನಿಜವಾಗಿ ಬಳಕೆಯಾಗುವುದು ಎಷ್ಟು ಎಂಬುದನ್ನೂ ನೋಡೋಣ. ಮಟ್ಟಸವಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗವನ್ನು ಕಾಯ್ದುಕೊಳ್ಳಲು ಈ ಗಾತ್ರದ ಕಾರಿಗೆ ಬೇಕಾಗುವುದು 10 ಎಚ್‌ಪಿಗಿಂತ ಕಡಿಮೆ, 100ರ ವೇಗಕ್ಕೆ 20ರಿಂದ 25. ಮಿಕ್ಕ 250 ಎಚ್‌ಪಿ ಗಾಣಗಾಪುರದ ದಾರಿಯುದ್ದಕ್ಕೂ ಸುಮ್ಮನೆ ಕುಳಿತಿರುತ್ತದೆ. ಅದು ಎಚ್ಚರಗೊಳ್ಳುವುದು ವೇಗ ಏರಿಸುವಾಗ ಮಾತ್ರ, ಮತ್ತು ಪ್ರಶ್ನೆ ಇರುವುದು ಅಲ್ಲಿಯೇ.

ತಮ್ಮ ಹಳೆಯ ಕಾರು ಹೇಗೆ ಹೊರಡುತ್ತಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಕ್ಲಚ್ ಬಿಡಬೇಕು, ಎಂಜಿನ್ ಸದ್ದು ಏರಬೇಕು, ಎರಡನೆಯ ಗೇರ್ ಹಾಕಬೇಕು, ಆಮೇಲೆ ಮೂರನೆಯದು. ಪ್ರತಿ ಹಂತದಲ್ಲೂ ಚಾಲಕನ ಕಿವಿಗೆ, ಕೈಗೆ ಒಂದೊಂದು ಸೂಚನೆ ಸಿಗುತ್ತಿತ್ತು. ಎಲೆಕ್ಟ್ರಿಕ್ ಮೋಟಾರು ನಿಂತ ಸ್ಥಿತಿಯಿಂದಲೇ ತನ್ನ ಪೂರ್ಣ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡಬಲ್ಲದು. ಗೇರ್ ಇಲ್ಲ, ಕ್ಲಚ್ ಇಲ್ಲ, ಸದ್ದೂ ಇಲ್ಲ. ದೊಡ್ಡ ಬ್ಯಾಟರಿಯ ಬಿಇ 6 ನಿಂತಲ್ಲಿಂದ 100ರ ವೇಗಕ್ಕೆ 6.7 ಸೆಕೆಂಡಿನಲ್ಲಿ ತಲುಪುತ್ತದೆ ಎಂದು ಕಂಪನಿಯೇ ಹೇಳಿಕೊಂಡಿದೆ. ಇದನ್ನು ಹೆದ್ದಾರಿಯಿಂದ ಊರೊಳಗೆ ತಂದು ಸರಾಸರಿ ಲೆಕ್ಕ ಹಾಕಿದರೆ, ಸಿಗ್ನಲ್ ಬಿಟ್ಟು ಮೂರನೆಯ ಸೆಕೆಂಡು ಮುಗಿಯುವಷ್ಟರಲ್ಲಿ ಆ ಕಾರು ಸುಮಾರು 19 ಮೀಟರ್ ಕ್ರಮಿಸಿ 45ರ ವೇಗದಲ್ಲಿರುತ್ತದೆ. ಅದೇ 100ನ್ನು ಮುಟ್ಟಲು 15 ಸೆಕೆಂಡು ತೆಗೆದುಕೊಳ್ಳುವ ಸಣ್ಣ ಪೆಟ್ರೋಲ್ ಕಾರು 8 ಮೀಟರ್ ಕ್ರಮಿಸಿ 20ರ ವೇಗದಲ್ಲಿರುತ್ತದೆ. ಆ ಕ್ಷಣದಲ್ಲಿ ಯಾರಾದರೂ ಅಡ್ಡ ಬಂದರೆ, ಚಾಲಕ ಎಚ್ಚೆತ್ತು ಬ್ರೇಕ್ ತುಳಿಯಲು ಒಂದು ಸೆಕೆಂಡು ಹಿಡಿದರೂ, ಮೊದಲನೆಯದಕ್ಕೆ ನಿಲ್ಲಲು ಸುಮಾರು 23 ಮೀಟರ್ ಬೇಕು, ಎರಡನೆಯದಕ್ಕೆ 8 ಮೀಟರ್ ಸಾಕು.

ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್ ಕಡೆಗೆ ಸಂಜೆ ಆರು ಗಂಟೆಗೆ ಹೋಗಿ ನೋಡಿದರೆ, ತಳ್ಳುಗಾಡಿ, ಆಟೊ, ಬುರ್ಖಾದ ಅಂಚನ್ನು ಕೈಯಲ್ಲಿ ಹಿಡಿದು ಮಗುವಿನೊಂದಿಗೆ ದಾಟುವ ತಾಯಿ, ಎದುರು ದಿಕ್ಕಿನಿಂದಲೇ ಬರುವ ಬೈಕು, ಇವುಗಳ ನಡುವೆ ಯಾರಿಗೂ 23 ಮೀಟರ್ ಖಾಲಿ ಜಾಗ ಸಿಗುವುದಿಲ್ಲ. ದಾಟುವ ಜನ ಕಾರಿನ ವೇಗವನ್ನು ತಮ್ಮ ಹಳೆಯ ಅನುಭವದಿಂದ ಅಳೆಯುತ್ತಾರೆ. ನಿಂತಿರುವ ಕಾರು ಇಷ್ಟು ಹೊತ್ತಿನಲ್ಲಿ ಇಲ್ಲಿಗೆ ಬರಲಾರದು ಎಂದು ಅಂದಾಜಿಸಿಯೇ ಹೆಜ್ಜೆ ಹಾಕುತ್ತಾರೆ. ಆ ಅಂದಾಜು ತಪ್ಪಾಗುತ್ತಿರುವುದೇ ಹೊಸ ಅಪಾಯ.

ಹಾಗಾದರೆ ಕೊಳ್ಳಬಾರದೇ? ಕೊಳ್ಳಬಹುದು. ಆ ಕಾರಿನ ಬ್ರೇಕು, ಏರ್‌ಬ್ಯಾಗು, ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ ಎಲ್ಲವೂ ತಮ್ಮ ಹಳೆಯ ಕಾರಿಗಿಂತ ಎಷ್ಟೋ ಮೇಲು. ಆದರೆ ಇಬ್ಬರ ಬಳಕೆಯೂ ತಾವು ಬರೆದಷ್ಟೇ ಆಗಿದ್ದರೆ, 130ರಿಂದ 170 ಎಚ್‌ಪಿಯ ಒಳಗಿನ ಕಾರು ಸಾಕಾಗಿ ಮಿಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಉಳಿದ ಹಣಕ್ಕೆ ಮನೆಯಲ್ಲಿ ಒಳ್ಳೆಯ ಚಾರ್ಜಿಂಗ್ ಪಾಯಿಂಟು ಮತ್ತು ಸರಿಯಾದ ಅರ್ಥಿಂಗ್ ಮಾಡಿಸಿಕೊಳ್ಳಿ.

ಪ್ರಶ್ನೆ: ನಾನು ತೊಗರಿ ವ್ಯಾಪಾರಿ. ವಾರದಲ್ಲಿ ಹಲವು ಸಲ ಜೇವರ್ಗಿ ಕಡೆಯಿಂದ ಕಲಬುರಗಿಯ ಗಂಜ್‌ಗೆ ಬರುತ್ತೇನೆ. ಲಾರಿಗಳನ್ನು ಓವರ್‌ಟೇಕ್ ಮಾಡುವಾಗ ಪಿಕಪ್ ಇಲ್ಲದ ಕಾರೇ ಅಪಾಯ, ಶಕ್ತಿ ಇದ್ದರೆ ಬೇಗ ದಾಟಿ ಸುರಕ್ಷಿತವಾಗಿ ಬಲಗಡೆಯಿಂದ ಎಡಕ್ಕೆ ಬರಬಹುದು ಎಂಬುದು ನನ್ನ ವಾದ. ಸರಿಯಲ್ಲವೇ? (ಜೇವರ್ಗಿ)

ಉತ್ತರ: ಅರ್ಧ ಸರಿ. ಗಂಟೆಗೆ 50ರ ವೇಗದಲ್ಲಿ ಸಾಗುವ ಲಾರಿಯೊಂದನ್ನು, ಹಿಂದೆ ಮುಂದೆ ಸಾಕಷ್ಟು ಅಂತರ ಬಿಟ್ಟು ದಾಟಬೇಕಾದರೆ, ಲಾರಿಗಿಂತ ಸುಮಾರು 40 ಮೀಟರ್ ಹೆಚ್ಚಿಗೆ ಕ್ರಮಿಸಬೇಕು. ತುಂಬಿದ ಸಣ್ಣ ಪೆಟ್ರೋಲ್ ಕಾರಿಗೆ ಇದಕ್ಕೆ ಎಂಟು ಸೆಕೆಂಡಿಗೂ ಮೇಲೆ ಬೇಕು, ಶಕ್ತಿಶಾಲಿ ಎಲೆಕ್ಟ್ರಿಕ್ ಕಾರಿಗೆ ಐದಕ್ಕಿಂತ ಕಡಿಮೆ. ಎದುರಿನಿಂದ 80ರ ವೇಗದಲ್ಲಿ ಬಸ್ಸೊಂದು ಬರುತ್ತಿದ್ದರೆ, ಮೊದಲನೆಯ ಕಾರಿನ ಚಾಲಕನಿಗೆ ಸುಮಾರು 340 ಮೀಟರ್ ಖಾಲಿ ರಸ್ತೆ ಕಾಣುತ್ತಿರಬೇಕು, ಎರಡನೆಯವನಿಗೆ 215 ಮೀಟರ್ ಸಾಕು. ಇಷ್ಟರ ಮಟ್ಟಿಗೆ ತಮ್ಮ ವಾದವನ್ನು ಅಲ್ಲಗಳೆಯಲಾಗದು.

ಆದರೆ ಅದೇ ಲೆಕ್ಕದ ಇನ್ನೊಂದು ಸಾಲನ್ನೂ ಓದಬೇಕು. ಕಾಲು ಒತ್ತಿಯೇ ಇಟ್ಟರೆ ಓವರ್‌ಟೇಕ್ ಮುಗಿಯುವ ಹೊತ್ತಿಗೆ ಸಣ್ಣ ಕಾರು 85ರಲ್ಲಿರುತ್ತದೆ, ಶಕ್ತಿಶಾಲಿ ಕಾರು 110ರಲ್ಲಿರುತ್ತದೆ. ಲಾರಿಯ ಮರೆಯಿಂದ ಹೊರಬಂದ ಮೇಲೆ ಮುಂದೆ ಏನಿದೆ ಎಂಬುದು ಆಗಷ್ಟೇ ಕಣ್ಣಿಗೆ ಬೀಳುವುದು. ತೊಗರಿ ರಾಶಿಯ ದಿನಗಳಲ್ಲಿ ಅಲ್ಲಿ ಏನಿರುತ್ತದೆ ಎಂದು ತಮಗೆ ಹೇಳಬೇಕಾಗಿಲ್ಲ: ಹಿಂದಿನ ಕೆಂಪು ದೀಪವಿಲ್ಲದ, ರಿಫ್ಲೆಕ್ಟರ್ ಪಟ್ಟಿಯ ಮೇಲೆ ಮಣ್ಣು ಮೆತ್ತಿದ ಟ್ರ್ಯಾಕ್ಟರ್ ಟ್ರಾಲಿ, ಅದರ ಅಂಚು ಮೀರಿ ಚಾಚಿಕೊಂಡ ಚೀಲಗಳು, ಪಕ್ಕದಲ್ಲಿ ಕೂಲಿ ಮುಗಿಸಿ ಊರಿಗೆ ಮರಳುವ ಹೆಂಗಸರನ್ನು ತುಂಬಿಕೊಂಡ ಟಂಟಂ. 110ರ ವೇಗದಲ್ಲಿ ಒಂದು ಸೆಕೆಂಡಿಗೆ 30 ಮೀಟರ್ ಕಳೆದುಹೋಗುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಾಕಿದರೂ ಕಾರು ಪೂರ್ತಿ ನಿಲ್ಲಲು ಇನ್ನೂ 65 ಮೀಟರಿನಷ್ಟು ಬೇಕು. ಜೊತೆಗೆ ಬ್ಯಾಟರಿಯ ಭಾರದಿಂದ ಈ ಕಾರುಗಳು ಎರಡು ಟನ್ನಿನ ಆಸುಪಾಸು ತೂಗುತ್ತವೆ. ಡಿಕ್ಕಿಯ ಹೊಡೆತ ತೂಕದೊಂದಿಗೆ ನೇರವಾಗಿಯೂ ವೇಗದೊಂದಿಗೆ ವರ್ಗದ ಲೆಕ್ಕದಲ್ಲಿಯೂ ಏರುತ್ತದೆ. 85ಕ್ಕಿಂತ 110ರ ಹೊಡೆತ ಒಂದೂಮುಕ್ಕಾಲು ಪಟ್ಟಿಗೆ ಹತ್ತಿರ.

ಕಾನೂನನ್ನೂ ಇಲ್ಲಿ ಹೇಳಿಬಿಡೋಣ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ಕಾರುಗಳಿಗೆ ಗರಿಷ್ಠ ವೇಗ ಎಕ್ಸ್‌ಪ್ರೆಸ್‌ವೇಯಲ್ಲಿ 120, ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100, ನಗರದ ಒಳಗೆ ಹಾಗೂ ಮಿಕ್ಕ ರಸ್ತೆಗಳಲ್ಲಿ 70. ವಿಭಜಕವಿಲ್ಲದ ಎರಡು ಪಥದ ರಸ್ತೆಯಲ್ಲಿ ಮೇಲಿನ ಎರಡೂ ಓವರ್‌ಟೇಕ್‌ಗಳು ಮಿತಿ ಮೀರಿದವೇ. ಆದ್ದರಿಂದ ಶಕ್ತಿಯ ಲಾಭ ಪಡೆಯಬೇಕೆಂದರೆ, ಲಾರಿಯ ಮುಂಭಾಗ ಪಕ್ಕಕ್ಕೆ ಬರುತ್ತಿದ್ದಂತೆಯೇ ಕಾಲನ್ನು ಅರ್ಧ ಸಡಿಲಿಸಬೇಕು. ಇದನ್ನು ಮಾಡುವವರು ಕಡಿಮೆ. ನಾವು ಕಂಡಂತೆ ಹೆಚ್ಚಿನವರು ಉಳಿದ ಮೂರು ಸೆಕೆಂಡನ್ನು ಸುರಕ್ಷತೆಗೆ ಇಡದೆ, ಮೊದಲು ಧೈರ್ಯ ಮಾಡದಿದ್ದ ಸಣ್ಣ ಸಂದಿಗೆ ನುಗ್ಗಲು ಖರ್ಚು ಮಾಡುತ್ತಾರೆ.

ಪ್ರಶ್ನೆ: ನಾನು ಶಿಕ್ಷಕಿ, ಸ್ಕೂಟರ್ ಬಿಟ್ಟು ಈಗಷ್ಟೇ ಎಲೆಕ್ಟ್ರಿಕ್ ಕಾರು ಹಿಡಿದಿದ್ದೇನೆ. ಶಾಲೆಯ ಗೇಟಿನ ಬಳಿ ನಿಧಾನವಾಗಿ ಒತ್ತಿದರೂ ಕಾರು ಮುಂದಕ್ಕೆ ಜಿಗಿದಂತಾಗುತ್ತದೆ, ಮಕ್ಕಳು ಇರುವ ಜಾಗ, ಭಯವಾಗುತ್ತದೆ. ಇನ್ನೊಂದು ವಿಚಿತ್ರವೆಂದರೆ, ಕೆಲವು ದಿನ ಬೆಳಿಗ್ಗೆ ಕಾಲು ತೆಗೆದರೂ ಕಾರು ಎಂದಿನಂತೆ ನಿಧಾನವಾಗುವುದಿಲ್ಲ. ಕಾರಿನಲ್ಲಿ ದೋಷವಿದೆಯೇ? (ಬೀದರ್)

ಉತ್ತರ: ದೋಷವಿರುವ ಸಂಭವ ಕಡಿಮೆ, ಆದರೂ ಸರ್ವಿಸ್ ಸೆಂಟರಿನಲ್ಲಿ ಒಮ್ಮೆ ತೋರಿಸಿಬಿಡಿ. ಜಿಗಿತಕ್ಕೆ ಕಾರಣ ಬಹುಪಾಲು ಡ್ರೈವ್ ಮೋಡ್. ಎಲೆಕ್ಟ್ರಿಕ್ ಕಾರಿನ ಆಕ್ಸಿಲರೇಟರ್ ಮೋಟಾರಿಗೆ ನೇರವಾಗಿ ಜೋಡಿಸಿದ ತಂತಿಯಲ್ಲ. ತಮ್ಮ ಪಾದ ಎಷ್ಟು ಇಳಿಯಿತು ಎಂಬುದನ್ನು ಕಂಪ್ಯೂಟರ್ ಓದಿ, ಅಷ್ಟಕ್ಕೆ ಎಷ್ಟು ಟಾರ್ಕ್ ಕೊಡಬೇಕೆಂದು ತೀರ್ಮಾನಿಸುತ್ತದೆ. ಸ್ಪೋರ್ಟ್ ಮೋಡಿನಲ್ಲಿ ಕಾಲು ಬೆರಳಿನಷ್ಟು ಇಳಿದರೂ ದೊಡ್ಡ ಪಾಲು ಕೊಡುತ್ತದೆ, ಇಕೋ ಮೋಡಿನಲ್ಲಿ ಅದೇ ಒತ್ತಡಕ್ಕೆ ಸ್ವಲ್ಪವೇ ಕೊಡುತ್ತದೆ. ಊರೊಳಗೆ ಇಕೋ ಬಿಟ್ಟು ಬೇರೆ ಯಾವುದೂ ತಮಗೆ ಬೇಡ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಬ್ರೇಕ್ ಪೆಡಲಿನ ನೇರಕ್ಕೆ ಇಟ್ಟು, ಮುಂಗಾಲನ್ನು ಮಾತ್ರ ಆಕ್ಸಿಲರೇಟರ್ ಕಡೆಗೆ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ. ಗೇಟಿನ ಬಳಿ ಬ್ರೇಕ್ ಸಡಿಲಿಸಿದರೆ ತಾನಾಗಿ ತೆವಳುವ ಸೌಲಭ್ಯ ತಮ್ಮ ಕಾರಿನಲ್ಲಿದ್ದರೆ, ಆ ಹತ್ತು ಮೀಟರಿಗೆ ಆಕ್ಸಿಲರೇಟರ್ ಮುಟ್ಟುವ ಅಗತ್ಯವೇ ಇಲ್ಲ.

ಎರಡನೆಯದು ಮುಖ್ಯವಾದ ಮಾತು, ಮಾರಾಟಗಾರರು ಹೇಳಲು ಮರೆಯುವಂಥದ್ದು. ರಾತ್ರಿ ಪೂರ್ತಿ ಚಾರ್ಜ್ ಮಾಡಿ ಬೆಳಿಗ್ಗೆ 100 ಶೇಕಡದಲ್ಲಿ ಹೊರಟಾಗ ಬ್ಯಾಟರಿಯಲ್ಲಿ ಹೊಸ ವಿದ್ಯುತ್ ತುಂಬಿಕೊಳ್ಳಲು ಜಾಗವಿರುವುದಿಲ್ಲ. ಆದ್ದರಿಂದ ಕಾಲು ತೆಗೆದಾಗ ಮೋಟಾರ್ ಕಾರನ್ನು ಹಿಡಿದೆಳೆಯುವ ಕೆಲಸವನ್ನು ಕಂಪ್ಯೂಟರ್ ಕಡಿಮೆ ಮಾಡಿಬಿಡುತ್ತದೆ. ಹಿಂದಿನ ಸಂಜೆ ಕಾಲು ತೆಗೆದರೇ ನಿಲ್ಲುತ್ತಿದ್ದ ಕಾರು ಮರುದಿನ ಬೆಳಿಗ್ಗೆ ಜಾರುತ್ತಾ ಹೋದಂತೆ ಅನಿಸುವುದು ಇದರಿಂದ. ಬ್ರೇಕ್ ಪೆಡಲ್ ಎಂದಿನಂತೆಯೇ ಕೆಲಸ ಮಾಡುತ್ತದೆ, ಅದನ್ನೇ ನಂಬಿ. ದಿನನಿತ್ಯದ ಓಡಾಟಕ್ಕೆ 80 ಶೇಕಡದಲ್ಲಿ ಚಾರ್ಜ್ ನಿಲ್ಲಿಸಿದರೆ ಈ ವ್ಯತ್ಯಾಸವೂ ಕಾಣುವುದಿಲ್ಲ, ಹಲವು ಬಗೆಯ ಬ್ಯಾಟರಿಗಳ ಬಾಳಿಕೆಗೂ ಅದು ಒಳ್ಳೆಯದು.

ಪ್ರಶ್ನೆ: ನಮ್ಮ ಊರಿನ ರಸ್ತೆಯಲ್ಲಿ ಇಂಥ ಕಾರು ಬಂದದ್ದೇ ಗೊತ್ತಾಗುವುದಿಲ್ಲ. ದನ ಹೊಡೆದುಕೊಂಡು ಹೋಗುವವರಿಗೆ, ಕಿವಿ ಮಂದವಾದ ಹಿರಿಯರಿಗೆ ಏನು ಗತಿ? (ಶಹಾಪುರ)

ಉತ್ತರ: ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಕಾರುಗಳು 20 ಕಿಲೋಮೀಟರ್ ವೇಗದವರೆಗೆ ಕೃತಕ ಸದ್ದು ಮಾಡಲೇಬೇಕೆಂಬ ನಿಯಮವಿದೆ, ಅದಕ್ಕಿಂತ ಮೇಲೆ ಟೈರಿನ ಸದ್ದೇ ಸಾಕೆಂಬುದು ಅವರ ಎಣಿಕೆ. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳಲ್ಲಿಯೂ ಈ ಸೌಲಭ್ಯವಿದೆ, ಕೊಳ್ಳುವಾಗ ಕೇಳಿ ಖಚಿತಪಡಿಸಿಕೊಳ್ಳಬೇಕು. ಅದನ್ನು ಬಟನ್ ಒತ್ತಿ ಆರಿಸಿಡುವವರಿಗೆ ನಮ್ಮ ಕಡೆಯಿಂದ ಯಾವ ಸಹಾನುಭೂತಿಯೂ ಇಲ್ಲ. ದನಗಳ ಬಳಿ ಹಾರ್ನ್ ಮಾತ್ರ ಹೊಡೆಯಬೇಡಿ, ನಿಲ್ಲಿಸಿ ದಾರಿ ಬಿಡಿ.

ಪ್ರಶ್ನೆ: ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನನ್ನ ಪ್ರಶ್ನೆ ನೇರವಾದದ್ದು. ಸರ್ಕಾರವೇ 200 ಎಚ್‌ಪಿ ಎಂದು ಮಿತಿ ಹಾಕಿದರೆ ಎಲ್ಲ ಸಮಸ್ಯೆಯೂ ಮುಗಿಯುವುದಿಲ್ಲವೇ? (ಕಲಬುರಗಿ)

ಉತ್ತರ: ಮುಗಿಯುವುದಿಲ್ಲ, ಏಕೆಂದರೆ ಎಚ್‌ಪಿ ಒಂದರಿಂದಲೇ ಕಾರಿನ ಚುರುಕು ತಿಳಿಯುವುದಿಲ್ಲ. 200 ಎಚ್‌ಪಿ ಎರಡೂವರೆ ಟನ್ನಿನ ಗಾಡಿಗೆ ಸಾಧಾರಣ, ಒಂದು ಟನ್ನಿನ ಗಾಡಿಗೆ ಅತಿ. ತೂಕಕ್ಕೆ ತಕ್ಕ ಶಕ್ತಿಯ ಅನುಪಾತವನ್ನು ನೋಡುವುದು ಸರಿಯಾದ ಕ್ರಮ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳಲ್ಲಿ ಹೊಸದಾಗಿ ಪರವಾನಗಿ ಪಡೆದವರು ಟನ್ನಿಗೆ 130 ಕಿಲೋವ್ಯಾಟ್‌ಗಿಂತ ಹೆಚ್ಚಿನ ಶಕ್ತಿಯ ಕಾರನ್ನು ಓಡಿಸುವಂತಿಲ್ಲ (ಒಂದು ಕಿಲೋವ್ಯಾಟ್ ಎಂದರೆ ಸುಮಾರು 1.34 ಎಚ್‌ಪಿ). ಅದೇ ದೇಶದ ಸೌತ್ ಆಸ್ಟ್ರೇಲಿಯಾ 2024ರ ಡಿಸೆಂಬರಿನಿಂದ, ಟನ್ನಿಗೆ 276 ಕಿಲೋವ್ಯಾಟ್ ಮುಟ್ಟಿದ ವಾಹನಗಳಿಗೆ ಪ್ರತ್ಯೇಕ ವರ್ಗದ ಪರವಾನಗಿಯನ್ನೇ ತಂದಿದೆ. ಈ ಅಳತೆಗೋಲಿನಲ್ಲಿ ಬಿಇ 6 ಸುಮಾರು 100ರಲ್ಲಿ ನಿಲ್ಲುತ್ತದೆ, ಸೀಲ್‌ನ ಮೇಲ್ಮಟ್ಟದ ಮಾದರಿ 170ನ್ನು ದಾಟುತ್ತದೆ.

ನಮ್ಮಲ್ಲಿ ಹಗುರ ಮೋಟಾರು ವಾಹನದ ಪರವಾನಗಿ ನೋಡುವುದು 7,500 ಕಿಲೋ ತೂಕದ ಮಿತಿಯನ್ನು, ಶಕ್ತಿಯನ್ನಲ್ಲ. ಆರ್‌ಟಿಒ ಮೈದಾನದಲ್ಲಿ ಎಂಟರ ಆಕಾರ ಸುತ್ತಿ ತೋರಿಸಿದ ಹದಿನೆಂಟರ ಹುಡುಗ ಮರುದಿನವೇ 40 ಎಚ್‌ಪಿಯ ಕಾಮೆಟ್ಟನ್ನೂ ಓಡಿಸಬಹುದು, 500 ಎಚ್‌ಪಿಯ ಸೀಲನ್ನೂ ಓಡಿಸಬಹುದು. ಹಂತಹಂತದ ಪರವಾನಗಿ ನಮಗೆ ಹೊಸ ಕಲ್ಪನೆಯೇನೂ ಅಲ್ಲ. ಹದಿನಾರು ವರ್ಷದವರಿಗೆ 50 ಸಿಸಿಯೊಳಗಿನ ದ್ವಿಚಕ್ರ ಮಾತ್ರ ಎಂಬ ವಿಧಿ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲಿನಿಂದಲೂ ಇದೆ. ಅದನ್ನು ಕಾರುಗಳಿಗೂ ವಿಸ್ತರಿಸುವುದು ಕಷ್ಟದ ಕೆಲಸವಲ್ಲ.

ಇದಕ್ಕಿಂತಲೂ ಸುಲಭವಾದ ಇನ್ನೊಂದು ದಾರಿಯನ್ನು ಚೀನಾ 2025ರಲ್ಲಿ ಹೊರಡಿಸಿದ ಕರಡು ನಿಯಮದಲ್ಲಿ ಕಾಣಬಹುದು. ಅದರ ಪ್ರಕಾರ ಕಾರನ್ನು ಪ್ರತಿ ಸಲ ಚಾಲು ಮಾಡಿದಾಗಲೂ, 100ರ ವೇಗ ಮುಟ್ಟಲು ಐದು ಸೆಕೆಂಡಿಗಿಂತ ಕಡಿಮೆ ತೆಗೆದುಕೊಳ್ಳದ ಸೌಮ್ಯ ಸ್ಥಿತಿಯಲ್ಲೇ ಅದು ಎಚ್ಚರಗೊಳ್ಳಬೇಕು; ಹೆಚ್ಚು ಬೇಕಾದವರು ತಾವಾಗಿಯೇ ಆಯ್ದುಕೊಳ್ಳಬೇಕು. ಇದಕ್ಕೆ ಹೊಸ ಬಿಡಿಭಾಗ ಬೇಡ, ಸಾಫ್ಟ್‌ವೇರ್ ಬದಲಿಸಿದರೆ ಸಾಕು. ನಮ್ಮ ರಸ್ತೆಗಳಿಗೆ ಐದು ಸೆಕೆಂಡೂ ಅತಿಯೇ, ಎಂಟು ಅಥವಾ ಹತ್ತು ಎಂದು ಇಡಬೇಕೆಂಬುದು ನಮ್ಮ ಒತ್ತಾಯ. 2019ರ ಜುಲೈನಿಂದ ನಮ್ಮ ಹೊಸ ಕಾರುಗಳಲ್ಲಿ 80 ದಾಟಿದರೆ ಬೀಪ್ ಕೇಳಿಸುವುದು, 120 ದಾಟಿದರೆ ಅದು ನಿಲ್ಲದೆ ಮೊಳಗುವುದು ಕಡ್ಡಾಯವಾಗಿದೆ. ಆದರೆ ಆ ಬೀಪ್‌ಗೆ ಗರಿಷ್ಠ ವೇಗ ಮಾತ್ರ ಗೊತ್ತು. ಮೂರು ಸೆಕೆಂಡಿನಲ್ಲಿ ಸೊನ್ನೆಯಿಂದ 45ಕ್ಕೆ ಹಾರಿದ ಕಾರಿನಲ್ಲಿ ಅದು ತುಟಿ ಬಿಚ್ಚುವುದಿಲ್ಲ.

ಪ್ರಶ್ನೆ: ಶಕ್ತಿ ಹೆಚ್ಚಿರುವ ಎಲೆಕ್ಟ್ರಿಕ್ ಕಾರಿನ ಟೈರು ಬೇಗ ಸವೆಯುತ್ತದೆಯಂತೆ, ನಿಜವೇ? (ಆಳಂದ)

ಉತ್ತರ: ನಿಜ. ಭಾರವೂ ಟಾರ್ಕೂ ಎರಡೂ ಟೈರಿನ ಮೇಲೆಯೇ ಬೀಳುತ್ತವೆ, ಅದರಲ್ಲೂ ಸಿಗ್ನಲ್‌ನಿಂದ ಚಿಮ್ಮುವ ಚಟವಿದ್ದವರ ಟೈರು ಬೇಗ ಬೋಳಾಗುತ್ತದೆ. ನಮ್ಮ ಭಾಗದ ರಸ್ತೆಗಳ ಕೆಳಗಿರುವ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವುದರಿಂದ ಡಾಂಬರು ಅಲೆಅಲೆಯಾಗಿ ಏಳುತ್ತದೆ. ಅಂಥಲ್ಲಿ ಸವೆದ ಟೈರಿಗೆ ಹೆಚ್ಚಿನ ಟಾರ್ಕ್ ಕೊಟ್ಟರೆ ಚಕ್ರ ಹಿಡಿತ ಬಿಡುವುದು ಖಂಡಿತ. ಬದಲಿಸುವಾಗ ಅಗ್ಗಕ್ಕೆ ಸಿಕ್ಕಿತೆಂದು ಅಳತೆಯೊಂದನ್ನೇ ನೋಡಿ ತರಬೇಡಿ, ಟೈರಿನ ಪಕ್ಕದಲ್ಲಿ ಮುದ್ರಿಸಿರುವ ಭಾರದ ಸೂಚ್ಯಂಕ ಮೂಲ ಟೈರಿನಷ್ಟೇ ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಓಡಿಸಿ ಬಂದ ಕೂಡಲೇ ಗಾಳಿ ಪರೀಕ್ಷಿಸಿದರೆ ಒತ್ತಡ ಹೆಚ್ಚಾಗಿ ತೋರಿಸುತ್ತದೆ, ಅದನ್ನು ನೋಡಿ ಗಾಳಿ ಬಿಡಿಸಬಾರದು. ಬೆಳಿಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಗೆ ಸರಿಯಾಗಿ ಹಾಕಿಸಿ.